ಮೇ ಕೊನೆಯಲ್ಲಿ ಅಂಡಮಾನ್: ಧಾರವಾಡದ ಕುಟುಂಬವೊಂದು ಆರು ದಿನಗಳಲ್ಲಿ ಏನೇನು ಮಾಡಬಹುದು?

ಮಾಳಮಡ್ಡಿ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಶಾಲೆಯ ಬೇಸಿಗೆ ರಜೆಯಲ್ಲಿ ಈ ವರ್ಷ ಅಂಡಮಾನ್‌ಗೆ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ನಾವು ಐವರು: ನಾನು, ಯಜಮಾನರು, 13 ವರ್ಷದ ಮಗಳು, 8 ವರ್ಷದ ಮಗ ಮತ್ತು ಮೊಣಕಾಲು ನೋವಿರುವ 68 ವರ್ಷದ ಅತ್ತೆ. ನಮ್ಮಲ್ಲಿ ಈಜು ಬರುವುದು ಮಗಳಿಗೆ ಮಾತ್ರ. ಹುಬ್ಬಳ್ಳಿಯ ಪ್ರವಾಸ ಏಜೆಂಟರೊಬ್ಬರು ಐದು ರಾತ್ರಿ, ಆರು ಹಗಲಿಗೆ ಹದಿನಾಲ್ಕು ಸ್ಥಳಗಳ ಪಟ್ಟಿಯೊಂದನ್ನು ಕೊಟ್ಟಿದ್ದಾರೆ. ಮೇ 20ರ ನಂತರ ವಿಮಾನ ಮತ್ತು ಹೋಟೆಲ್ ಎರಡೂ ಅಗ್ಗವಾಗುತ್ತವೆ ಎಂದೂ ಅವರು ಹೇಳುತ್ತಿದ್ದಾರೆ. ಆ ಬಿಸಿಲಿನಲ್ಲಿ ದ್ವೀಪಗಳಲ್ಲಿ ನಿಜವಾಗಿ ಏನು ಮಾಡಲು ಸಾಧ್ಯ, ಏನನ್ನು ಬಿಡಬೇಕು, ಅತ್ತೆಯವರನ್ನು ಹೋಟೆಲಿನಲ್ಲಿ ಕೂರಿಸಿ ನಾವು ಮಾತ್ರ ನೀರಾಟವಾಡುವ ಪರಿಸ್ಥಿತಿ ಬಾರದಂತೆ ಹೇಗೆ ಯೋಜಿಸಬೇಕು ಎಂಬುದನ್ನು ಹೋಗಿ ಬಂದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉಣಕಲ್ ಕೆರೆ ದಂಡೆ

ಹದಿನಾಲ್ಕು ಸ್ಥಳಗಳ ಅಂಥದ್ದೇ ಪಟ್ಟಿಯನ್ನು ಹಿಡಿದು ನಾವು ಕೂಡ ಮೇ ತಿಂಗಳಲ್ಲಿ ಹೋಗಿದ್ದೆವು. ಅದರಲ್ಲಿ ನೆನಪಿನಲ್ಲಿ ಉಳಿದವು ನಾಲ್ಕು. ಮಿಕ್ಕ ಹತ್ತರ ನೆನಪೆಂದರೆ ಟೆಂಪೊದೊಳಗಿನ ಬೆವರು ಮತ್ತು ಜೆಟ್ಟಿಯ ಸಾಲು.

ಮೊದಲು ತಿಳಿದುಕೊಳ್ಳಬೇಕಾದದ್ದು ಅಲ್ಲಿನ ಹೊತ್ತು. ಧಾರವಾಡ 75 ಡಿಗ್ರಿ ಪೂರ್ವ ರೇಖಾಂಶದಲ್ಲಿದ್ದರೆ ಪೋರ್ಟ್ ಬ್ಲೇರ್ ಹೆಚ್ಚುಕಡಿಮೆ 93 ಡಿಗ್ರಿಯ ಬಳಿ ಇದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕ ಹಿಡಿದರೆ ಸೂರ್ಯ ನಮಗಿಂತ ಒಂದು ಗಂಟೆ ಹತ್ತು ನಿಮಿಷ ಮೊದಲೇ ಅಲ್ಲಿಗೆ ಬರುತ್ತಾನೆ, ಆದರೆ ಗಡಿಯಾರ ಮಾತ್ರ ನಮ್ಮದೇ. ಹೀಗಾಗಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಅಲ್ಲಿ ಬೆಳಗಿನ ಐದಕ್ಕೆ ಹಗಲು ಹರಿದು, ಸಂಜೆ ಐದೂವರೆ ದಾಟುತ್ತಿದ್ದಂತೆ ಸೂರ್ಯ ಮುಳುಗಿರುತ್ತಾನೆ. ಹ್ಯಾವ್‌ಲಾಕ್ ದ್ವೀಪದ ರಾಧಾನಗರ ಕಡಲತೀರದಲ್ಲಿ ಸೂರ್ಯಾಸ್ತ ನೋಡಲೆಂದು ನಾವು ನಮ್ಮ ಊರಿನ ಅಂದಾಜಿನಲ್ಲಿ ಚಹಾ ಕುಡಿದು, ಆರಾಮವಾಗಿ ಹೊರಟು, ಆರು ಗಂಟೆಗೆ ತಲುಪಿದೆವು. ನೋಡಿದ್ದು ಕತ್ತಲನ್ನು, ಮತ್ತು ನೀರಿನಿಂದ ಮೇಲೆ ಬನ್ನಿರೆಂದು ಶಿಳ್ಳೆ ಹಾಕುತ್ತಿದ್ದ ಕಾವಲುಗಾರರನ್ನು.

ಆದ್ದರಿಂದ ನನ್ನ ಸಲಹೆ ಒಂದೇ. ಅಲ್ಲಿರುವಷ್ಟು ದಿನ ನಸುಕಿನ ನಾಲ್ಕೂವರೆಗೆ ಏಳುವ ಮನೆಯವರಂತೆ ಬದುಕಿರಿ. ಐದೂವರೆಯಿಂದ ಒಂಬತ್ತೂವರೆಯವರೆಗೆ ಒಂದು ಕೆಲಸ, ಮೂರರಿಂದ ಸೂರ್ಯ ಮುಳುಗುವವರೆಗೆ ಇನ್ನೊಂದು. ನಡುವಿನ ಹೊತ್ತು ಊಟಕ್ಕೆ, ನಿದ್ದೆಗೆ, ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವ ಹಡಗಿಗೆ. ಈ ಲೆಕ್ಕದಲ್ಲಿ ಆರು ದಿನಗಳಿಗೆ ಏಳೆಂಟು ಕೆಲಸಗಳಷ್ಟೇ ಹಿಡಿಸುತ್ತವೆ. ಏಜೆಂಟರ ಪಟ್ಟಿಯಲ್ಲಿ ಅರ್ಧದಷ್ಟನ್ನು ಈಗಲೇ ಹೊಡೆದು ಹಾಕಬಹುದು.

ಇನ್ನು ಬಿಸಿಲಿನ ಮಾತು. ಉಷ್ಣಾಂಶವನ್ನಷ್ಟೇ ನೋಡಿದರೆ ಅಲ್ಲಿ 32 ಅಥವಾ 33 ಡಿಗ್ರಿ. 37 ಡಿಗ್ರಿ ಕಂಡ ಹುಬ್ಬಳ್ಳಿಯವರಿಗೆ ಅದೇನು ಮಹಾ ಎನ್ನಿಸುತ್ತದೆ. ನಮ್ಮ ಝಳ ಒಣ ಝಳ, ನೆರಳಿಗೆ ಬಂದು ಒಂದು ತಂಬಿಗೆ ನೀರು ಕುಡಿದರೆ ಜೀವ ಬರುತ್ತದೆ. ಅಲ್ಲಿ ನೆರಳಿನಲ್ಲಿ ಕುಳಿತರೂ ಬೆವರು ಆರುವುದಿಲ್ಲ.

ಸಾಧನಕೇರಿ ಭೂಗೋಳ

ಉಣಕಲ್‌ನವರು ಹೊತ್ತಿನ ಬಗ್ಗೆ ಹೇಳಿದ್ದು ಸರಿಯಾಗಿದೆ. ತಿಥಿಯ ಬಗ್ಗೆ ನಾನು ಸೇರಿಸುತ್ತೇನೆ. ಇಲ್ಲಿ ಜೂನ್ ಮೊದಲ ವಾರ ಕಳೆದ ಮೇಲೆ ಮುಂಗಾರು ಬರುವುದನ್ನು ಕಂಡ ನಮಗೆ ಮೇ ತಿಂಗಳೆಂದರೆ ಬೇಸಿಗೆ. ಅಂಡಮಾನ್ ಸಮುದ್ರಕ್ಕೆ ನೈಋತ್ಯ ಮುಂಗಾರು ಕಾಲಿಡುವುದು ಮೇ ಮೂರನೆಯ ವಾರದ ಸುಮಾರಿಗೆ, ಕೇರಳಕ್ಕಿಂತ ಮೊದಲು. ಮೇ 20ರ ನಂತರ ದರ ಅಗ್ಗವಾಗುವುದಕ್ಕೆ ಇದೇ ಕಾರಣ. ಮಳೆಯಾದರೆ ತಪ್ಪೇನಿಲ್ಲ, ಹಸಿರು ಕಾಡಿನ ಮೇಲೆ ಮಳೆ ನೋಡುವುದೂ ಒಂದು ಸುಖವೇ. ತೊಂದರೆ ಕೊಡುವುದು ಗಾಳಿ. ಗಾಳಿ ಬಲವಾದರೆ ಸಮುದ್ರ ಕಲಕಿ ನೀರೊಳಗೆ ಏನೂ ಕಾಣುವುದಿಲ್ಲ, ಸಣ್ಣ ದೋಣಿಗಳಿಗೆ ಅನುಮತಿ ಸಿಗುವುದಿಲ್ಲ, ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಿಗೆ ಹೋಗುವ ಹಡಗುಗಳೂ ರದ್ದಾಗುತ್ತವೆ. ಹಿಂದಿರುಗುವ ವಿಮಾನದ ಹಿಂದಿನ ರಾತ್ರಿಯನ್ನು ಯಾವ ಕಾರಣಕ್ಕೂ ಹೊರ ದ್ವೀಪದಲ್ಲಿ ಕಳೆಯಬೇಡಿರಿ. ಅಂದು ಪೋರ್ಟ್ ಬ್ಲೇರ್‌ನಲ್ಲಿಯೇ ಇರಬೇಕು.

ಶಾಲೆಗೆ ಏಪ್ರಿಲ್ ಎರಡನೆಯ ವಾರದಿಂದಲೇ ರಜೆಯಿರುವಾಗ ಮೇ ಕೊನೆಯವರೆಗೆ ಕಾಯುವ ಅಗತ್ಯವಾದರೂ ಏನು? ಗೋಡೆಯ ಮೇಲಿನ ಪಂಚಾಂಗವನ್ನು ತೆರೆದು ಬಸವ ಜಯಂತಿಯನ್ನು ಹುಡುಕಿರಿ. ಅದು ವೈಶಾಖ ಶುದ್ಧ ತದಿಗೆ, ಅಂದರೆ ಮೂರು ದಿನ ಮೊದಲು ಅಮಾವಾಸ್ಯೆ. ಸಾಮಾನ್ಯವಾಗಿ ಏಪ್ರಿಲ್ ಕೊನೆಯಲ್ಲಿ ಅಥವಾ ಮೇ ಮೊದಲಲ್ಲಿ ಬರುವ ಆ ಅಮಾವಾಸ್ಯೆಯ ಆಸುಪಾಸಿನಲ್ಲಿ ನೀವು ದ್ವೀಪದಲ್ಲಿದ್ದರೆ ಎರಡು ಲಾಭಗಳಿವೆ. ಅಮಾವಾಸ್ಯೆ ಮತ್ತು ಹುಣ್ಣಿಮೆಗಳಲ್ಲಿ ಸಮುದ್ರದ ಇಳಿತ ಹೆಚ್ಚಾಗಿರುವುದರಿಂದ ನೀಲ್ ದ್ವೀಪದ ಸಹಜ ಕಲ್ಲುಸೇತುವೆಯ ಬುಡದವರೆಗೆ ನಡೆದು ಹೋಗಿ, ಬಂಡೆಗಳ ನಡುವಿನ ಕುಳಿಗಳಲ್ಲಿ ಉಳಿದುಕೊಂಡ ಮೀನು, ಏಡಿ, ಸಮುದ್ರ ಸೌತೆಗಳನ್ನು ಮಕ್ಕಳಿಗೆ ತೋರಿಸಬಹುದು. ಉಬ್ಬರದ ಹೊತ್ತಿನಲ್ಲಿ ಅಲ್ಲಿಗೆ ದಾರಿಯೇ ಇರುವುದಿಲ್ಲ. ಎರಡನೆಯದು, ಹ್ಯಾವ್‌ಲಾಕ್‌ನ ಮ್ಯಾಂಗ್ರೋವ್ (ಉಪ್ಪುನೀರಿನಲ್ಲಿ ಬೆಳೆಯುವ ಮರಗಳ) ಹಿನ್ನೀರಿನಲ್ಲಿ ಕತ್ತಲ ರಾತ್ರಿಯಲ್ಲಿ ಹುಟ್ಟು ಹಾಕಿದಲ್ಲೆಲ್ಲ ನೀರು ನೀಲಿಯಾಗಿ ಮಿನುಗುವ ದೃಶ್ಯ. ನೀರು ಕಲಕಿದಾಗ ಬೆಳಕು ಸೂಸುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳಿಂದ ಇದು ಆಗುತ್ತದೆ. ಬೆಳದಿಂಗಳಿದ್ದರೆ ಇದು ಸರಿಯಾಗಿ ಕಾಣುವುದಿಲ್ಲ. ಬೆಳದಿಂಗಳ ರಾತ್ರಿ ಎಂದು ಏಜೆಂಟರು ಹೊಗಳಿದರೆ ಮರುಳಾಗಬೇಡಿರಿ.

ಇಳಿತದ ವೇಳೆ ದಿನವೂ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಅಲ್ಲಿಗೆ ತಲುಪಿದ ದಿನವೇ ಹೋಟೆಲಿನವರನ್ನು ಕೇಳಿ ಬರೆದಿಟ್ಟುಕೊಂಡು ಆ ಪ್ರಕಾರ ನೀಲ್‌ನ ಹೊತ್ತನ್ನು ಹೊಂದಿಸಿಕೊಳ್ಳಬಹುದು.

ಹಾವೇರಿ ಏಲಕ್ಕಿ

ಎಲ್ಲರೂ ಕ್ಷಮಿಸಬೇಕು, ಆದರೆ ಒಂದು ಮಾತನ್ನು ಯಾರೂ ಕೇಳುತ್ತಿಲ್ಲ. ಐದು ಜನರ ವಿಮಾನ, ಬೆಂಗಳೂರಿನಿಂದ ಎರಡೂವರೆ ಗಂಟೆ ಹಾರಾಟ, ಅದಕ್ಕೆ ಮೊದಲು ಧಾರವಾಡದಿಂದ ಬೆಂಗಳೂರಿನವರೆಗಿನ ರೈಲು, ಅಲ್ಲಿ ಇಳಿದ ಮೇಲೆ ಹಡಗು. ಇಷ್ಟೆಲ್ಲ ಏಕೆ? ಅರಬೈಲ್ ಘಟ್ಟ ಇಳಿದರೆ ನಮ್ಮದೇ ಕಡಲು ಇದೆ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಮುಳುಗುವ ಆಟ, ಮಾಡಿಸುತ್ತಾರೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದರೆ ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ ಲಾವಾ ತಣಿದು ಆದ ಕಂಬಗಳಂಥ ಕಲ್ಲುಗಳನ್ನು ಮಕ್ಕಳು ಕೈಯಿಂದ ಮುಟ್ಟಬಹುದು. ಎರಡು ಮೂರು ದಿನಗಳಲ್ಲಿ ಮನೆಗೆ ಬಂದು ರೊಟ್ಟಿ ಉಣ್ಣಬಹುದು. ಅಂಡಮಾನ್ ಎಂಬ ಹೆಸರಿಗೆ ದುಡ್ಡು ಕೊಡುತ್ತಿದ್ದೇವೆಯೇ ಎಂದು ಒಮ್ಮೆ ಯೋಚಿಸಿ.

ಬೆಟಗೇರಿ ನೂಲು

ಹಾವೇರಿಯವರ ಪ್ರಶ್ನೆ ನ್ಯಾಯವಾದದ್ದು. ನಾನು ಗದಗದಿಂದ ಮುರುಡೇಶ್ವರಕ್ಕೆ ಮೂರು ಸಲ ಹೋಗಿ ನೇತ್ರಾಣಿಯಲ್ಲಿ ಮುಳುಗಿದ್ದೇನೆ, ಅಂಡಮಾನ್‌ಗೆ ಒಮ್ಮೆ ಹೋಗಿದ್ದೇನೆ. ನೇತ್ರಾಣಿಯಲ್ಲಿ ಮೀನಿಗೆ ಬರವಿಲ್ಲ, ಅದೃಷ್ಟವಿದ್ದರೆ ಆಮೆಯೂ ಕಾಣುತ್ತದೆ. ಆದರೆ ಅದು ತೀರದಿಂದ ಸುಮಾರು 19 ಕಿಲೋಮೀಟರ್ ದೂರದ ಕಡಿದಾದ ಬಂಡೆಯ ದ್ವೀಪ; ದೋಣಿಯಿಂದ ನೇರವಾಗಿ ಆಳದ ನೀರಿಗೆ ಇಳಿಯಬೇಕು, ಮರಳಿನ ಮೇಲೆ ಮೊಣಕಾಲುದ್ದದ ನೀರಿನಲ್ಲಿ ನಿಂತು ಅಭ್ಯಾಸ ಮಾಡುವ ಅವಕಾಶವಿಲ್ಲ. ಎಂಟು ವರ್ಷದ ಹುಡುಗನಿಗಾಗಲಿ, ಈಜು ಬಾರದ ತಂದೆತಾಯಿಗಾಗಲಿ, ಅತ್ತೆಯವರಿಗಾಗಲಿ ಅದು ಮೊದಲ ದ್ವೀಪವಲ್ಲ. ನಡೆದುಕೊಂಡು ಹೋಗಿ, ಸೊಂಟದ ಮಟ್ಟದ ತಿಳಿನೀರಿನಲ್ಲಿ ಮುಖ ಅದ್ದಿದರೆ ಹವಳ ಕಾಣುವ ಅನುಕೂಲ ಅಂಡಮಾನ್‌ನಲ್ಲಿದೆ. ವ್ಯತ್ಯಾಸ ಇರುವುದು ಅಲ್ಲಿ.

ನೀರಿನ ಆಟಗಳನ್ನು ಒಂದೊಂದಾಗಿ ಹೇಳುತ್ತೇನೆ. ಸ್ಕೂಬಾಗೆ ಕನಿಷ್ಠ ವಯಸ್ಸು 10, ಹಾಗಾಗಿ ಮಗನನ್ನು ಬಿಡಿ. ಮಗಳಿಗೆ ಮತ್ತು ನಿಮ್ಮಿಬ್ಬರಿಗೆ ಸಾಧ್ಯವಿದೆ. ಮೊದಲ ಸಲದವರನ್ನು ತರಬೇತುದಾರರು ಹಿಡಿದುಕೊಂಡೇ ಹನ್ನೆರಡು ಮೀಟರ್ ಒಳಗಿನ ಆಳಕ್ಕೆ ಕರೆದೊಯ್ಯುವುದರಿಂದ ಈಜು ಬಾರದಿದ್ದರೂ ನಡೆಯುತ್ತದೆ. ಉಬ್ಬಸ, ಹೃದಯದ ತೊಂದರೆ, ರಕ್ತದೊತ್ತಡ ಇದ್ದವರು ಇಲ್ಲಿಂದಲೇ ವೈದ್ಯರನ್ನು ಕೇಳಿ ಹೋಗಬೇಕು. ಅಲ್ಲಿ ಕೊಡುವ ಅರ್ಜಿಯಲ್ಲಿ ಸುಳ್ಳು ಬರೆದು ನೀರಿಗಿಳಿಯುವ ಧೈರ್ಯ ಬೇಡ. ಹೆಚ್ಚಿನವರು ಸೋಲುವುದು ಉಸಿರಿನಲ್ಲಲ್ಲ, ಕಿವಿಯಲ್ಲಿ. ಆಳಕ್ಕೆ ಹೋದಂತೆ ನೀರಿನ ಒತ್ತಡ ಹೆಚ್ಚಿ ಕಿವಿ ನೋಯುತ್ತದೆ. ನೋವು ಶುರುವಾಗುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಗಾಳಿ ಊದುತ್ತ ಇಳಿಯಬೇಕು. ನೆಗಡಿಯಿದ್ದರೆ ಅಂದು ಇಳಿಯಲೇಬಾರದು. ಸ್ಕೂಬಾ ಮುಗಿಸಿದ ಮೇಲೆ ವಿಮಾನ ಏರಲು ಒಂದೇ ಸಲ ಮುಳುಗಿದವರು 12 ಗಂಟೆ, ಹಲವು ಸಲ ಮುಳುಗಿದವರು 18 ಗಂಟೆಯಾದರೂ ಬಿಡಬೇಕೆಂಬ ನಿಯಮವಿದೆ. ಕೊನೆಯ ದಿನಕ್ಕೆ ಇದನ್ನು ಇಟ್ಟುಕೊಳ್ಳಬಾರದೆನ್ನುವುದು ಅದಕ್ಕೇ.

ಮಗನಿಗೆ ಬಾಯಿಗೆ ನಳಿಗೆ ಇಟ್ಟುಕೊಂಡು ನೀರಿನ ಮೇಲಿಂದಲೇ ನೋಡುವ ಸ್ನಾರ್ಕೆಲಿಂಗ್ ಸಾಕು, ನಿಜ ಹೇಳಬೇಕೆಂದರೆ ಅದೇ ಚೆಂದ. ಲೈಫ್ ಜಾಕೆಟ್ ಹಾಕಿಕೊಂಡು ತೇಲುತ್ತ ನೋಡುವುದಕ್ಕೆ ಹ್ಯಾವ್‌ಲಾಕ್‌ನ ಎಲಿಫೆಂಟ್ ಬೀಚ್ ಒಳ್ಳೆಯ ಜಾಗ. ಬೆಳಗಿನ ಮೊದಲ ದೋಣಿ ಹಿಡಿದರೆ ಜನಸಂದಣಿಗಿಂತ ಮೊದಲು ತಿಳಿನೀರು ಸಿಗುತ್ತದೆ. ಹೊರಡುವ ಮೊದಲು ಎರಡು ವಾರ ಇಲ್ಲಿನ ಈಜುಕೊಳಕ್ಕೆ ಕರೆದೊಯ್ದು ಬಾಯಿಂದ ಉಸಿರಾಡುವುದನ್ನು ಮಾತ್ರ ರೂಢಿ ಮಾಡಿಸಿರಿ. ನನ್ನ ತಂಗಿಯ ಮಗ ಅಲ್ಲಿ ಹೋಗಿ ನಳಿಗೆ ಬಾಯಿಗಿಟ್ಟ ಕೂಡಲೇ ಮೂಗಿನಿಂದ ನೀರೆಳೆದುಕೊಂಡು ಅಳುತ್ತ ದಡ ಸೇರಿದವನು ಮತ್ತೆ ನೀರಿಗಿಳಿಯಲಿಲ್ಲ, ಅವನನ್ನು ಸಮಾಧಾನಪಡಿಸುತ್ತ ನಾವೂ ಇಳಿಯಲಿಲ್ಲ.

ಜೆಟ್ ಸ್ಕೀ, ಬಾಳೆಹಣ್ಣಿನ ಆಕಾರದ ದೋಣಿ, ಪ್ಯಾರಾಸೇಲಿಂಗ್ ಇವು ಗೋವಾದಲ್ಲೂ ಸಿಗುತ್ತವೆ. ಅಷ್ಟು ದೂರ ಹೋಗಿ ಅವುಗಳಿಗೆ ಬೆಳಗಿನ ಹೊತ್ತನ್ನು ಕಳೆಯುವುದು ನನಗೆ ಸರಿಕಾಣುವುದಿಲ್ಲ.

ಮಾಳಮಡ್ಡಿ ಶಿಕ್ಷಕಿ

ಇಷ್ಟು ವಿವರವಾಗಿ ಬರೆದವರಿಗೆ ಕೃತಜ್ಞತೆಗಳು. ಮುಂಗಾರಿನ ವಿಷಯವನ್ನು ಏಜೆಂಟರು ನಮಗೆ ಹೇಳಿರಲೇ ಇಲ್ಲ. ಬಸವ ಜಯಂತಿಯ ಲೆಕ್ಕ ಅತ್ತೆಯವರಿಗೆ ಬಹಳ ಹಿಡಿಸಿದೆ. ಇನ್ನು ಎರಡು ಪ್ರಶ್ನೆಗಳಿವೆ. ಪಟ್ಟಿಯಲ್ಲಿ ಬಾರಾಟಾಂಗ್ ಎಂಬ ಇಡೀ ದಿನದ ಪ್ರವಾಸವಿದೆ, ಸುಣ್ಣಕಲ್ಲಿನ ಗುಹೆ ನೋಡಲಿಕ್ಕಂತೆ, ಹೋಗಬೇಕೇ? ಅತ್ತೆಯವರಿಗೆ ನೀರಿಗಿಳಿಯದೆ ನೋಡುವಂಥದ್ದು ಏನಿದೆ?

ಸಾಧನಕೇರಿ ಭೂಗೋಳ

ಬಾರಾಟಾಂಗ್ ಬಗ್ಗೆ ನನ್ನ ಅಭಿಪ್ರಾಯ ಖಂಡಿತವಾಗಿದೆ: ಬೇಡ. ಪೋರ್ಟ್ ಬ್ಲೇರ್‌ನಿಂದ ಸುಮಾರು 100 ಕಿಲೋಮೀಟರ್; ನಸುಕಿನಲ್ಲೆದ್ದು ಜಿರ್ಕಾಟಾಂಗ್ ಗೇಟಿನ ಬಳಿ ವಾಹನಗಳ ಸಾಲಿನಲ್ಲಿ ಕಾಯಬೇಕು, ಬಳಿಕ ಫೆರ್ರಿ, ಬಳಿಕ ಸಣ್ಣ ದೋಣಿ, ಬಳಿಕ ಬಿಸಿಲಿನಲ್ಲಿ ಒಂದೂವರೆ ಕಿಲೋಮೀಟರಿನಷ್ಟು ನಡಿಗೆ. ಮೊಣಕಾಲು ನೋವಿರುವವರಿಗೆ ಇದು ಪ್ರವಾಸವಲ್ಲ. ಮ್ಯಾಂಗ್ರೋವ್ ಕಾಲುವೆಯಲ್ಲಿನ ದೋಣಿ ಪಯಣ ಸುಂದರವೆಂಬುದನ್ನು ಒಪ್ಪುತ್ತೇನೆ. ಆದರೆ ಆ ರಸ್ತೆ ಹಾದುಹೋಗುವುದು ಜರಾವಾ ಆದಿವಾಸಿ ಜನರ ಮೀಸಲು ಕಾಡಿನೊಳಗೆ. ಅವರ ರಕ್ಷಣೆಗೆ 1956ರಿಂದ ಪ್ರತ್ಯೇಕ ಕಾಯ್ದೆಯಿದೆ. ದಾರಿಯಲ್ಲಿ ನಿಲ್ಲಿಸುವುದು, ಫೋಟೊ ತೆಗೆಯುವುದು, ತಿನಿಸು ಕೊಡುವುದು ಎಲ್ಲವೂ ನಿಷಿದ್ಧ. ಹೀಗಿದ್ದರೂ ವಾಹನದಲ್ಲಿರುವ ಬಹುತೇಕರ ಕಣ್ಣು ಗುಹೆಗಿಂತ ಹೆಚ್ಚಾಗಿ ಕಾಡಿನ ಅಂಚಿನಲ್ಲಿ ಯಾರಾದರೂ ಕಾಣುತ್ತಾರೆಯೇ ಎಂಬುದರ ಮೇಲೆಯೇ ಇರುತ್ತದೆ. ನಾನು ಒಮ್ಮೆ ಆ ಸಾಲಿನಲ್ಲಿ ಕುಳಿತು ನಾಚಿಕೊಂಡಿದ್ದೇನೆ.

ಉಣಕಲ್ ಕೆರೆ ದಂಡೆ

ಅತ್ತೆಯವರಿಗೆ ನೋಡುವುದಕ್ಕೆ ಬೇಕಾದಷ್ಟಿದೆ. ನನ್ನ ತಾಯಿ ನಮ್ಮೊಂದಿಗೆ ಬಂದಿದ್ದರಿಂದ ಅನುಭವದಿಂದಲೇ ಹೇಳುತ್ತೇನೆ.

ಮೊದಲನೆಯದು ಸೆಲ್ಯುಲರ್ ಜೈಲು. ಕರಿನೀರಿನ ಶಿಕ್ಷೆ ಎಂಬ ಮಾತನ್ನು ಬಾಲ್ಯದಿಂದ ಕೇಳಿದ ಆ ತಲೆಮಾರಿನವರಿಗೆ ಅದು ಬರೀ ಕಟ್ಟಡವಲ್ಲ. 1896ರಿಂದ 1906ರವರೆಗೆ ಕಟ್ಟಿದ ಈ ಸೆರೆಮನೆಗೆ ನಡುವಿನ ಗೋಪುರದಿಂದ ಚಕ್ರದ ಕಡ್ಡಿಗಳಂತೆ ಏಳು ಸಾಲುಗಳಿದ್ದವು. ಒಂದು ಸಾಲಿನ ಕೋಣೆಗಳ ಬಾಗಿಲು ಇನ್ನೊಂದು ಸಾಲಿನ ಬೆನ್ನಿಗೆ ಮುಖ ಮಾಡಿರುವುದರಿಂದ ಸೆರೆಯಾಳು ಇನ್ನೊಬ್ಬನ ಮುಖ ನೋಡುವಂತಿರಲಿಲ್ಲ. ಈಗ ಉಳಿದಿರುವುದು ಮೂರು ಸಾಲುಗಳು. ಮಹಡಿ ಹತ್ತುವುದನ್ನು ಬಿಟ್ಟು ಕೆಳಗಿನ ಕೋಣೆಗಳನ್ನು ನೋಡಿ, ಸಂಜೆ ಅಂಗಳದಲ್ಲಿ ಕುಳಿತು ಧ್ವನಿಬೆಳಕಿನ ಕಾರ್ಯಕ್ರಮ ನೋಡಬಹುದು. ನನ್ನ ತಾಯಿಗೆ ಹಿಂದಿ ಅಷ್ಟಾಗಿ ತಿಳಿಯುವುದಿಲ್ಲ, ಆದರೂ ಮುಗಿಯುವವರೆಗೆ ಸೆರಗಿನಿಂದ ಕಣ್ಣೊರೆಸುತ್ತಲೇ ಇದ್ದರು.

ಜೈಲಿನ ಎದುರಿಗೇ ಕಾಣುವ ರಾಸ್ ದ್ವೀಪ ಬ್ರಿಟಿಷರ ಆಡಳಿತದ ನೆಲೆಯಾಗಿತ್ತು. ಚರ್ಚು, ಬೇಕರಿ, ಅಧಿಕಾರಿಗಳ ಬಂಗಲೆಗಳ ಗೋಡೆಗಳನ್ನು ಈಗ ಆಲದ ಜಾತಿಯ ಮರಗಳ ಬೇರುಗಳು ಹಿಡಿದುಕೊಂಡು ನಿಂತಿವೆ; ಜಿಂಕೆ, ನವಿಲುಗಳು ಹತ್ತಿರ ಬರುತ್ತವೆ. ನಡೆಯಲಾಗದವರಿಗೆ ಬ್ಯಾಟರಿ ಗಾಡಿಗಳಿವೆ. ಒಂದು ಗಮನಿಸಬೇಕಾದ ವಿಷಯವಿದೆ. 2018ರ ಡಿಸೆಂಬರಿನಲ್ಲಿ ರಾಸ್ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪವಾಯಿತು, ಹ್ಯಾವ್‌ಲಾಕ್ ಸ್ವರಾಜ್ ದ್ವೀಪವಾಯಿತು, ನೀಲ್ ಶಹೀದ್ ದ್ವೀಪವಾಯಿತು. 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಜನರ ಬಾಯಲ್ಲಿ ಹಳೆಯ ಹೆಸರು, ಟಿಕೆಟಿನ ಮೇಲೆ ಹೊಸದು. ಬುಕಿಂಗ್ ಮಾಡುವಾಗ ಗಲಿಬಿಲಿಗೊಳ್ಳಬೇಡಿರಿ.

ಹವಳ ನೋಡಲು ಅತ್ತೆಯವರಿಗೆ ಗಾಜಿನ ತಳದ ದೋಣಿಯಿದೆ. ನೀಲ್‌ನ ಭರತಪುರ ತೀರದಲ್ಲಿ ಅದನ್ನು ಏರುವುದು ಸುಲಭ. ಭರತಪುರವೆಂದೊಡನೆ ನೆನಪಾಯಿತು, ಆ ಪುಟ್ಟ ದ್ವೀಪದಲ್ಲಿ ರಾಮನಗರ, ಲಕ್ಷ್ಮಣಪುರ, ಸೀತಾಪುರ ಎಲ್ಲವೂ ಇವೆ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ನೆಲೆಸಿದ ಕುಟುಂಬಗಳೇ ಅಲ್ಲಿ ಹೆಚ್ಚು. ನನ್ನ ತಾಯಿ ಸೀತಾಪುರದಲ್ಲಿ ಸೂರ್ಯೋದಯ ನೋಡಿ, ಲಕ್ಷ್ಮಣಪುರದಲ್ಲಿ ಸೂರ್ಯಾಸ್ತ ನೋಡಿ, ನಡುವೆ ಭರತನಲ್ಲಿ ಊಟ ಮಾಡಿದೆನೆಂದು ಇಂದಿಗೂ ಬಂದವರೆಲ್ಲರಿಗೆ ಹೇಳುತ್ತಾರೆ.

ಹಾವೇರಿ ಏಲಕ್ಕಿ

ನನ್ನ ಆಕ್ಷೇಪವನ್ನು ಅರ್ಧ ಹಿಂತೆಗೆದುಕೊಳ್ಳುತ್ತೇನೆ. ಅತ್ತೆಯವರು ಬರುವುದಾದರೆ ನೇತ್ರಾಣಿ ಆಗದ ಮಾತು. ಅಲ್ಲಿ ಶಾಕಾಹಾರಿ ಊಟ ಸಿಗುತ್ತದೆಯೇ?

ಉಣಕಲ್ ಕೆರೆ ದಂಡೆ

ಸಿಗುತ್ತದೆ. ನೀಲ್ ದ್ವೀಪವೇ ಅಂಡಮಾನ್‌ನ ತರಕಾರಿ ತೋಟ. ಸೀತಾಪುರದ ದಾರಿಯಲ್ಲಿ ಬದನೆ, ಹೀರೆ, ಬಾಳೆಯ ಹೊಲಗಳ ನಡುವೆಯೇ ಹೋಗುತ್ತೀರಿ. ಆದರೂ ನಸುಕಿನಲ್ಲಿ ಐದಕ್ಕೆ ಹೊರಡುವವರಿಗೆ ಯಾವ ಹೋಟೆಲೂ ತಿಂಡಿ ಕೊಡುವುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಹಚ್ಚಿದ ಅವಲಕ್ಕಿ ಇಲ್ಲಿಂದಲೇ ಕಟ್ಟಿಕೊಂಡು ಹೋಗುವುದು ಜಾಣತನ. ಹಡಗು ಏರುವ ದಿನ ಮಾತ್ರ ಹೊಟ್ಟೆ ತುಂಬ ತಿನ್ನಬೇಡಿರಿ. ವಾಂತಿಯಾಗುವವರು ವೈದ್ಯರನ್ನು ಕೇಳಿ ಮಾತ್ರೆಯನ್ನು ಮೊದಲೇ ತೆಗೆದುಕೊಳ್ಳಬೇಕು. ಸಮುದ್ರ ಅಲುಗಾಡತೊಡಗಿದ ಮೇಲೆ ನುಂಗಿ ಪ್ರಯೋಜನವಿಲ್ಲ.

ಬೆಟಗೇರಿ ನೂಲು

ಬೇಸಿಗೆಯಲ್ಲಿ ಹೋಗುವವರು ಹವಳದ ಬಗ್ಗೆ ತಿಳಿದಿರಬೇಕಾದ ಒಂದು ವಿಷಯವನ್ನು ಯಾರೂ ಹೇಳಲಿಲ್ಲ. ಹವಳಕ್ಕೂ ಬಿಸಿ ತಡೆಯುವುದಿಲ್ಲ. ನೀರಿನ ಉಷ್ಣಾಂಶ ವಾಡಿಕೆಗಿಂತ ಒಂದೆರಡು ಡಿಗ್ರಿ ಹೆಚ್ಚಾಗಿ ಹಲವು ವಾರ ನಿಂತರೆ ತನ್ನೊಳಗೆ ಬದುಕುವ, ತನಗೆ ಬಣ್ಣ ಮತ್ತು ಆಹಾರ ಎರಡನ್ನೂ ಕೊಡುವ ಪಾಚಿಯನ್ನು ಹವಳ ಹೊರಹಾಕಿ ಬಿಳುಚಿಕೊಳ್ಳುತ್ತದೆ. 2010ರ ಬೇಸಿಗೆಯಲ್ಲಿ ಅಂಡಮಾನ್‌ನಲ್ಲಿ ಇದು ಬಹಳ ದೊಡ್ಡ ಪ್ರಮಾಣದಲ್ಲಿ ಆಯಿತು. ಅಂದರೆ ನಾವು ಹೋಗುವ ಕಾಲ ಹವಳಕ್ಕೆ ಅತ್ಯಂತ ಕಷ್ಟದ ಕಾಲ. ಕಾಲೂರಬೇಡಿರಿ, ಮುಟ್ಟಬೇಡಿರಿ. ಮೈಗೆ ಬಿಸಿಲು ತಡೆಯುವ ಕ್ರೀಮು ಬಳಿದುಕೊಂಡು ನೀರಿಗಿಳಿಯುವುದಕ್ಕಿಂತ ಉದ್ದ ತೋಳಿನ ಈಜುಡುಗೆ ಹಾಕಿಕೊಂಡರೆ ನಿಮ್ಮ ಬೆನ್ನೂ ಉಳಿಯುತ್ತದೆ, ಹವಳಕ್ಕೂ ತೊಂದರೆಯಿಲ್ಲ. ದಡದಲ್ಲಿ ಬಿದ್ದ ಸತ್ತ ಹವಳದ ಚೂರನ್ನೂ ಮಗ ಜೇಬಿಗಿಳಿಸದಂತೆ ನೋಡಿಕೊಳ್ಳಿರಿ. ಹವಳವು 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದ್ದು ವಿಮಾನ ನಿಲ್ದಾಣದಲ್ಲಿ ಚೀಲ ತೆಗೆಸಿ ನೋಡುತ್ತಾರೆ.

ರಾಧಾನಗರದಲ್ಲಿ ಬಲೆ ಕಟ್ಟಿ ಗುರುತಿಸಿದ ಜಾಗದ ಒಳಗೆ ಮಾತ್ರ ಈಜಿರಿ. ಉಪ್ಪುನೀರಿನ ಮೊಸಳೆಗಳು ಅಲ್ಲಿನ ಹಳ್ಳಗಳಲ್ಲಿ ಇರುವುದು ಕಥೆಯಲ್ಲ; 2010ರಲ್ಲಿ ಹ್ಯಾವ್‌ಲಾಕ್‌ನಲ್ಲಿ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾಗಿದ್ದಾರೆ. ಎಚ್ಚರಿಕೆಯ ಫಲಕ ಇದ್ದಲ್ಲಿ ಹೆಜ್ಜೆಯಿಡದಿದ್ದರೆ ಭಯಪಡುವ ಕಾರಣವಿಲ್ಲ.

ಮಾಳಮಡ್ಡಿ ಶಿಕ್ಷಕಿ

ನಿನ್ನೆ ಎಲ್ಲರೂ ಕುಳಿತು ಯೋಜನೆಯನ್ನು ಹೊಸದಾಗಿ ಬರೆದೆವು. ಬಸವ ಜಯಂತಿಗೆ ಐದು ದಿನ ಮೊದಲು ಹೊರಡುತ್ತೇವೆ. ಮೊದಲ ದಿನ ಜೈಲು ಮತ್ತು ಧ್ವನಿಬೆಳಕು ಮಾತ್ರ. ಮರುದಿನ ಬೆಳಗಿನ ಹಡಗಿಗೆ ಹ್ಯಾವ್‌ಲಾಕ್, ಸಂಜೆ ನಾಲ್ಕಕ್ಕೇ ರಾಧಾನಗರ. ಮೂರನೆಯ ಬೆಳಿಗ್ಗೆ ಯಜಮಾನರು ಮತ್ತು ಮಗಳು ಸ್ಕೂಬಾಗೆ ಹೋಗುತ್ತಾರೆ, ನಾನು ಮಗನೊಂದಿಗೆ ಎಲಿಫೆಂಟ್ ಬೀಚಿಗೆ. ಅಂದು ಅಮಾವಾಸ್ಯೆಯೇ ಬರುವುದರಿಂದ ರಾತ್ರಿ ಮಿನುಗುವ ನೀರು. ನಾಲ್ಕನೆಯ ದಿನ ನೀಲ್. ಐದನೆಯ ದಿನ ಪೋರ್ಟ್ ಬ್ಲೇರ್‌ಗೆ ಹಿಂದಿರುಗಿ ರಾಸ್. ಆರನೆಯ ಬೆಳಿಗ್ಗೆ ವಿಮಾನ. ಬಾರಾಟಾಂಗ್ ಮತ್ತು ಜೆಟ್ ಸ್ಕೀ ಸೇರಿ ಒಂಬತ್ತು ಸ್ಥಳಗಳನ್ನು ತೆಗೆದೆವು ಎಂದಾಗ ಏಜೆಂಟರು ಅಷ್ಟು ದೂರ ಹೋಗಿ ಸುಮ್ಮನೆ ಕೂರುತ್ತೀರಾ ಎಂದು ಕೇಳಿದರು. ಅತ್ತೆಯವರು ಒಳಗಿನಿಂದಲೇ ಹೌದು ಎಂದರು.

ಮಗನನ್ನು ಸೋಮವಾರದಿಂದ ಈಜುಕೊಳಕ್ಕೆ ಕಳಿಸುತ್ತಿದ್ದೇನೆ. ಒಂದೇ ಸಂಶಯ ಉಳಿದಿದೆ: ಪೋರ್ಟ್ ಬ್ಲೇರ್ ಬಳಿಯ ವಂಡೂರಿನಿಂದ ಹೋಗುವ ಜಾಲಿ ಬಾಯ್ ದ್ವೀಪವನ್ನು ಎಲ್ಲಿಯಾದರೂ ಸೇರಿಸಬೇಕಿತ್ತೇ?

ಸಾಧನಕೇರಿ ಭೂಗೋಳ

ಅದು 1983ರಲ್ಲಿ ಘೋಷಿತವಾದ ಮಹಾತ್ಮಾ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದೊಳಗಿನ ದ್ವೀಪ. ಹವಳ ಚೇತರಿಸಿಕೊಳ್ಳಲೆಂದು ಅದನ್ನು ಮತ್ತು ರೆಡ್ ಸ್ಕಿನ್ ದ್ವೀಪವನ್ನು ಸರದಿಯ ಮೇಲೆ ತೆರೆಯುತ್ತಾರೆ, ಬೇಸಿಗೆಯ ಮೊದಲ ಭಾಗದಲ್ಲಿ ಜಾಲಿ ಬಾಯ್ ಸರದಿ. ಪ್ಲಾಸ್ಟಿಕ್ ಒಯ್ಯುವಂತಿಲ್ಲ, ಅರಣ್ಯ ಇಲಾಖೆಯ ಅನುಮತಿ ಬೇಕು, ಒಂದು ಬೆಳಗು ಪೂರ್ತಿ ಹಿಡಿಯುತ್ತದೆ. ಹವಳದ ದೃಷ್ಟಿಯಿಂದ ಎಲಿಫೆಂಟ್ ಬೀಚಿಗಿಂತ ಅದು ಮೇಲು. ಹ್ಯಾವ್‌ಲಾಕ್‌ನ ಹಡಗು ಗಾಳಿಯಿಂದ ರದ್ದಾಗಿ ನೀವು ಪೋರ್ಟ್ ಬ್ಲೇರ್‌ನಲ್ಲಿಯೇ ಉಳಿಯುವಂತಾದರೆ, ಅಂದು ವಂಡೂರಿನಲ್ಲಿ ದೋಣಿ ಬಿಡುತ್ತಾರೆಯೇ ಎಂದು ಕೇಳಿ ನೋಡಿ. ಇಲ್ಲದಿದ್ದರೆ ಈಗಿನ ಯೋಜನೆಯನ್ನು ಮುಟ್ಟಬೇಡಿರಿ.